ಬಿಸಿ ಆರಿದ ಮೇಲೆ ಉಳಿಯುವುದು: ಮಸಾಲೆ ಸೇಬಿನ ಚಹಾವನ್ನು ಸವಿದು ನೋಡುವ ಬಗೆ

ಸೇಬು, ಚಕ್ಕೆ, ಲವಂಗ ಸೇರಿಸಿದ ಚಹಾದ ಪೊಟ್ಟಣ ಒಡೆದಾಗ ಬರುವ ಘಮವನ್ನು ನಂಬಬೇಡಿ. ಬಿಸಿನೀರು ಸುರಿದ ಕೂಡಲೇ ಮೂಗಿಗೆ ಅಡರುವ ಪರಿಮಳವನ್ನೂ ಪೂರ್ತಿ ನಂಬಬೇಡಿ. ಬಿಸಿ ಇರುವಷ್ಟು ಹೊತ್ತು ಇಂಥ ಪೇಯಗಳೆಲ್ಲ ಚೆನ್ನಾಗಿಯೇ ಇರುತ್ತವೆ. ಚಳಿಯಲ್ಲಿ ಬರಿಯ ಬಿಸಿನೀರೂ ಹಿತವೇ, ಆದರೆ ಆ ಶ್ರೇಯಸ್ಸು ನೀರಿನದು, ಪೊಟ್ಟಣದ್ದಲ್ಲ. ನೀರಿನ ಬಿಸಿ ಎಲ್ಲಿ ಮುಗಿಯುತ್ತದೆ, ಮಸಾಲೆಯ ಬಿಸಿ ಎಲ್ಲಿ ಶುರುವಾಗುತ್ತದೆ ಎಂದು ಗುರುತಿಸುವುದೇ ಸವಿಯುವವರ ಮುಖ್ಯ ಕೆಲಸ. ಅದಕ್ಕೆ ಸೂಕ್ಷ್ಮವಾದ ನಾಲಿಗೆಗಿಂತ ಹೆಚ್ಚಾಗಿ ಬೇಕಾದದ್ದು ತಾಳ್ಮೆ. ಲೋಟ ಆರುವ ತನಕ ಕಾಯಬೇಕು.

ಸಂಜೆಯ ಮೇಲೆ ಚಹಾ, ಕಾಫಿ ಕುಡಿದರೆ ನನಗೆ ನಿದ್ದೆ ಹತ್ತುವುದಿಲ್ಲ. ಹಾಗಾಗಿ ಚಹಾ ಎಲೆಯಿಲ್ಲದ ಚಹಾಗಳ ಕಡೆಗೆ ತಿರುಗಿದೆ. ಆಮೇಲೆ ಅದೇ ಗೀಳಾಯಿತು. ನನ್ನ ಅಕ್ಕನಿಗೆ ಇದೆಲ್ಲ ತಮಾಷೆ. "ಕಾಯಿಲೆಯವರು ಕುಡಿಯುವುದನ್ನು ನೀನು ಗಟ್ಟಿಮುಟ್ಟಾಗಿದ್ದುಕೊಂಡು ಕುಡಿಯುತ್ತೀಯಲ್ಲ" ಎನ್ನುತ್ತಾಳೆ. ಆದರೂ ಎದುರಿಗೆ ಲೋಟ ಇಟ್ಟರೆ ಬೇಡವೆನ್ನುವುದಿಲ್ಲ. ಅವಳ ಮೂಗು ನನ್ನದಕ್ಕಿಂತ ಚುರುಕು ಎಂಬುದನ್ನು ಹೊಟ್ಟೆಕಿಚ್ಚಿನಿಂದಲೇ ಒಪ್ಪಿಕೊಂಡು, ಅವಳನ್ನು ಈ ಕೆಲಸಕ್ಕೆ ಧಾರಾಳವಾಗಿ ಬಳಸಿಕೊಳ್ಳುತ್ತೇನೆ. ನಿಮಗೂ ಇಂಥ ಒಬ್ಬ ಸಂದೇಹವಾದಿ ಜೊತೆಗಿದ್ದರೆ ಒಳ್ಳೆಯದು. ಎಲ್ಲವನ್ನೂ ಮೆಚ್ಚುವವರ ಜೊತೆ ಕೂತು ರುಚಿ ನೋಡಿದರೆ ಏನೂ ತಿಳಿಯುವುದಿಲ್ಲ.

ಮೊದಲು ಪೊಟ್ಟಣದ ಬೆನ್ನು ಓದಿ

ಮುಂಬದಿಯಲ್ಲಿ ಸೇಬಿನ ಚಿತ್ರ, ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಸತ್ಯ. ಬಹುತೇಕ ದೇಶಗಳಲ್ಲಿ ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಮೊದಲ ಹೆಸರಿನದು ಅತಿ ಹೆಚ್ಚು, ಕೊನೆಯದು ಅತಿ ಕಡಿಮೆ. ಸೇಬಿನ ಚಹಾ ಎಂದು ಹೇಳಿಕೊಳ್ಳುವ ಎಷ್ಟೋ ಮಿಶ್ರಣಗಳಲ್ಲಿ ಮೊದಲ ಹೆಸರು ಹಿಬಿಸ್ಕಸ್ ಆಗಿರುತ್ತದೆ, ಸೇಬು ಅದರ ಹಿಂದೆ ನಿಂತಿರುತ್ತದೆ. ಕುಡಿಯಬಾರದೆಂದೇನೂ ಅಲ್ಲ. ಏನನ್ನು ಕುಡಿಯುತ್ತಿದ್ದೇವೆ ಎಂಬುದು ಗೊತ್ತಿರಲಿ, ಅಷ್ಟೆ.

ಈ ಹಿಬಿಸ್ಕಸ್ ಅಂಗಳದ ದಾಸವಾಳದ ಎಸಳಲ್ಲ. ಅದೇ ಕುಲದ ಪುಂಡಿ ಜಾತಿಯ ಗಿಡದಲ್ಲಿ, ಹೂವು ಉದುರಿದ ಮೇಲೆ ಕಾಯಿಯನ್ನು ಅಪ್ಪಿಕೊಂಡು ದಪ್ಪಗೆ ಬೆಳೆಯುವ ಕೆಂಪು ಹೊದಿಕೆ ಅದು. ಒಣಗಿದಾಗ ಕಪ್ಪುಗೆಂಪಾಗಿ ಮುದುಡಿರುತ್ತದೆ. ನೀರಿಗೆ ಬಿದ್ದ ಕೂಡಲೇ ಬಣ್ಣ ಬಿಡತೊಡಗುತ್ತದೆ, ಬೆನ್ನಲ್ಲೇ ಹಲ್ಲು ಚುಳ್ಳೆನಿಸುವ ಹುಳಿಯನ್ನೂ ಬಿಡುತ್ತದೆ. ಬರಿಯ ಒಣ ಸೇಬು ಕುದಿಸಿದರೆ ಬರುವ ಬಣ್ಣ ತಿಳಿ ಹೊಂಬಣ್ಣ, ಹೆಚ್ಚೆಂದರೆ ಕಂದು. ಲೋಟದಲ್ಲಿ ಗಾಢ ಕೆಂಪು ಕಂಡರೆ ಅದು ಸೇಬಿನದಲ್ಲ. ಸಂದೇಹವಿದ್ದರೆ ಬಿಳಿ ತಟ್ಟೆಯ ಮೇಲೆ ಒಂದು ಚಮಚ ಚಹಾ ಹಾಕಿ ಚಿಟಿಕೆ ಅಡುಗೆ ಸೋಡಾ ಉದುರಿಸಿ. ಸಣ್ಣಗೆ ನೊರೆ ಏಳುತ್ತದೆ, ಅಂಚಿನಿಂದ ಕೆಂಪು ಕರಗಿ ನೇರಳೆಯಾಗುತ್ತದೆ, ಸೋಡಾ ಇನ್ನೂ ಬಿದ್ದರೆ ನೀಲಿಹಸಿರಿನ ಕಡೆಗೆ ಹೊರಳುತ್ತದೆ. ಆಂಥೊಸಯನಿನ್ ಎಂಬ ವರ್ಣದ್ರವ್ಯದ ಆಟವಿದು. ಆಮ್ಲದಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ಆ ಚಮಚದಷ್ಟನ್ನು ಮಾತ್ರ ಚೆಲ್ಲಿಬಿಡಿ.

ಸೇಬಿನ ಬಗೆಗೂ ಒಂದು ಕಹಿಸತ್ಯ ಹೇಳಬೇಕು. ತಾಜಾ ಸೇಬನ್ನು ಕಚ್ಚಿದಾಗ ಬರುವ ಪರಿಮಳ ಬಹುಪಾಲು ಎಸ್ಟರ್ ಎಂಬ ರಾಸಾಯನಿಕಗಳದ್ದು. ಅವು ಗಾಳಿಗೆ ಬೇಗ ಹಾರುವಂಥವು, ತಿರುಳಿಗಿಂತ ಸಿಪ್ಪೆಯಲ್ಲಿ ಹೆಚ್ಚು. ಹೋಳು ಮಾಡಿ ಒಣಗಿಸುವಷ್ಟರಲ್ಲಿ ಅವುಗಳಲ್ಲಿ ಹೆಚ್ಚಿನವು ಹೊರಟುಹೋಗಿರುತ್ತವೆ. ಉಳಿಯುವುದು ಸಕ್ಕರೆ, ಮ್ಯಾಲಿಕ್ ಆಮ್ಲದ ದುಂಡನೆಯ ಹುಳಿ, ನೀರಿಗೆ ತುಸು ಮೈ ಕೊಡುವ ಪೆಕ್ಟಿನ್, ಬೇಯಿಸಿದ ಹಣ್ಣಿನ ವಾಸನೆ. ಮ್ಯಾಲಿಕ್ ಆಮ್ಲವನ್ನು 1785ರಲ್ಲಿ ಕಾರ್ಲ್ ವಿಲ್ಹೆಲ್ಮ್ ಶೀಲೆ ಮೊದಲು ಬೇರ್ಪಡಿಸಿದ್ದೇ ಸೇಬಿನ ರಸದಿಂದ. ಪೊಟ್ಟಣ ಒಡೆದಾಗ ಹಸಿ ಸೇಬಿನ ತಾಜಾ ಘಮ ಗಮ್ಮೆಂದು ಬಂದರೆ ಅದನ್ನು ಬೇರೆಯಾಗಿ ಬೆರೆಸಿದ್ದಾರೆ ಎಂದೇ ತಿಳಿಯಿರಿ; ಹಿಂಬದಿಯಲ್ಲಿ 'ಫ್ಲೇವರ್' ಎಂಬ ಪದ ಎಲ್ಲೋ ಅಡಗಿರುತ್ತದೆ. ಮಿಶ್ರಣದಿಂದ ಸೇಬಿನ ಚೂರೊಂದನ್ನು ಆರಿಸಿ ಹಾಗೆಯೇ ಅಗಿದು ನೋಡಿ. ಚೂರಿನಲ್ಲಿ ರುಚಿಯಿಲ್ಲ, ಲೋಟದಲ್ಲಿ ಮಾತ್ರ ಸೇಬಿನ ವಾಸನೆ ಇದೆ ಎಂದಾದರೆ ಸೇಬು ಅಲ್ಲಿ ಬರೀ ತೂಕಕ್ಕೆ ಬಿದ್ದಿದೆ.

ಇನ್ನೆರಡು ಹೆಸರುಗಳ ಮೇಲೆ ಕಣ್ಣಿಡಿ. ಸಕ್ಕರೆ ಇಲ್ಲ ಎಂದು ಬರೆದಿದ್ದೂ ಚಹಾ ಸಿಹಿಯಾಗಿದ್ದರೆ ಅತಿಮಧುರದ ಬೇರು ಇರಬಹುದು. ಅದರ ಸಿಹಿ ತಡವಾಗಿ ಬಂದು ಗಂಟಲಲ್ಲಿ ಕೂತು ಎಷ್ಟು ಹೊತ್ತಾದರೂ ಏಳುವುದಿಲ್ಲ. ಅದರಲ್ಲಿನ ಗ್ಲಿಸಿರೈಜಿನ್ ಪೊಟ್ಯಾಶಿಯಂ ಇಳಿಸಿ ರಕ್ತದೊತ್ತಡ ಏರಿಸಬಲ್ಲದು. ಒತ್ತಡಕ್ಕೆ ಮಾತ್ರೆ ನುಂಗುವವರು ಅಂಥದ್ದನ್ನು ದಿನವೂ ಕುಡಿಯುವುದು ಬೇಡ. ಎರಡನೆಯದು ಯೆರ್ಬಾ ಮಾತೆ. ಗಿಡಮೂಲಿಕೆಗಳ ಸಾಲಿನಲ್ಲಿ ಮುಗ್ಧವಾಗಿ ನಿಂತಿರುತ್ತದೆ, ಆದರೆ ಅದರಲ್ಲಿ ಕೆಫೀನ್ ಇದೆ. ನನ್ನಂಥ ನಿದ್ದೆಗೇಡಿಗಳಿಗೆ ಇದು ಮುಖ್ಯ ವಿಚಾರ.

ಹದವಾಗಿ ಇಳಿಸುವುದು

ಚಹಾ ರುಚಿ ನೋಡುವುದನ್ನೇ ವೃತ್ತಿ ಮಾಡಿಕೊಂಡವರಿಗಾಗಿ ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನಕವಿದೆ. 1980ರಲ್ಲಿ ಮೊದಲು ಬಂದದ್ದು, 2019ರಲ್ಲಿ ಪರಿಷ್ಕಾರವಾಯಿತು. 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಎಲೆ, ಮುಚ್ಚಳ ಹಾಕಿ 6 ನಿಮಿಷ. ಸೊಗಸಾದ ಚಹಾ ಮಾಡುವ ವಿಧಾನ ಅದಲ್ಲ. ಬೇರೆ ಬೇರೆ ಚಹಾಗಳನ್ನು ಒಂದೇ ನೆಲೆಯಲ್ಲಿ ನಿಲ್ಲಿಸಿ ಹೋಲಿಸುವ ವಿಧಾನ. ಎಲೆಗಾಗಿ ಬರೆದದ್ದಾದರೂ ಅದರ ಬುದ್ಧಿಯನ್ನು ನಾವು ಎರವಲು ಪಡೆಯಬಹುದು: ಎಲ್ಲ ಲೋಟಗಳಿಗೂ ಒಂದೇ ನೀರು, ಒಂದೇ ತೂಕ, ಒಂದೇ ಹೊತ್ತು. ನಾನು 200 ಮಿಲಿಲೀಟರಿಗೆ 4 ಗ್ರಾಂ ಹಾಕಿ 10 ನಿಮಿಷ ಮುಚ್ಚಿಡುತ್ತೇನೆ. ಹಣ್ಣಿನ ಚೂರು ನೀರು ಕುಡಿದು ಮೆತ್ತಗಾಗದೆ ಒಳಗಿನದನ್ನು ಬಿಟ್ಟುಕೊಡುವುದಿಲ್ಲ, ಅದಕ್ಕೇ ಆ ಹೆಚ್ಚುವರಿ ನಿಮಿಷಗಳು. ಸಣ್ಣ ಚೀಲಗಳಲ್ಲಿ ಬರುವುದು ಸಾಮಾನ್ಯವಾಗಿ 2 ಗ್ರಾಂ ಆಸುಪಾಸು. ಅದನ್ನು ದೊಡ್ಡ ಮಗ್ಗಿಗೆ ಇಳಿಬಿಟ್ಟು ಚಹಾ ಸಪ್ಪೆ ಎಂದು ದೂರುವುದು ನ್ಯಾಯವಲ್ಲ.

ಮುಚ್ಚಳ ಮರೆಯಬೇಡಿ. ಚಕ್ಕೆ, ಲವಂಗ, ಏಲಕ್ಕಿಗಳ ಪರಿಮಳವೆಲ್ಲ ಆವಿಯಾಗಿ ಹಾರುವ ತೈಲಗಳಲ್ಲಿದೆ. ಮನೆಯೆಲ್ಲ ಘಮ್ಮೆನ್ನುತ್ತಿದೆ ಎಂದರೆ ಲೋಟದಿಂದ ಅಷ್ಟು ಖಾಲಿಯಾಯಿತು ಎಂದೇ ಲೆಕ್ಕ. ಹತ್ತು ನಿಮಿಷವಾದ ಮೇಲೆ ಮುಚ್ಚಳ ಎತ್ತಿ ಮಗುಚಿ, ಒಳಬದಿಯಲ್ಲಿ ಸಾಲುಗಟ್ಟಿದ ಹನಿಗಳನ್ನು ಮೂಸಿ. ಲೋಟವನ್ನು ಮೂಸುವುದಕ್ಕಿಂತ ಇದು ಸ್ಪಷ್ಟ. ಹುಳಿ, ಸಿಹಿ, ಒಗರು ಯಾವುವೂ ಹಬೆಯ ಜೊತೆ ಮೇಲೇರುವುದಿಲ್ಲ. ಬರೀ ಪರಿಮಳದ್ರವ್ಯಗಳು ನೀರಾವಿಯೊಂದಿಗೆ ಬಂದು ಅಲ್ಲಿ ತಂಗಿರುತ್ತವೆ. ಬೆರೆಸಿದ ಕೃತಕ ಸುವಾಸನೆ ಇದ್ದರೆ ಮುಚ್ಚಳದಲ್ಲಿ ಅದೊಂದೇ ಎದ್ದು ನಿಲ್ಲುತ್ತದೆ. ಒಳ್ಳೆಯ ಮಿಶ್ರಣವಾದರೆ ಮೊದಲ ಉಸಿರಿಗೆ ಚಕ್ಕೆ, ಮುಚ್ಚಳ ತುಸು ಆರಿದ ಮೇಲೆ ಲವಂಗ, ಹೀಗೆ ಒಂದರ ಹಿಂದೆ ಒಂದು ಸಿಗುತ್ತವೆ.

ಸ್ವತಃ ಸಾಮಗ್ರಿ ಸೇರಿಸಿ ಮಾಡುವವರಿಗೆ ಒಂದೇ ಸೂತ್ರ ಸಾಕು. ತೊಗಟೆ, ಬೇರು, ಗಟ್ಟಿ ಬೀಜ, ಒಣ ಹಣ್ಣು ಇವು ಸಣ್ಣ ಉರಿಯಲ್ಲಿ ಕುದಿಯಬೇಕು. ಹೂವು, ಎಲೆ, ಜಜ್ಜಿದ ಏಲಕ್ಕಿ ಇವು ಉರಿ ಆರಿಸಿದ ಮೇಲೆ ಬೀಳಬೇಕು. ಏಲಕ್ಕಿಯನ್ನು ಚಕ್ಕೆಯ ಜೊತೆಗೇ ಹದಿನೈದು ನಿಮಿಷ ಕುದಿಸಿದರೆ ಅದರ ತಂಪು ಸುಗಂಧ ಹೋಗಿ ಸಿಪ್ಪೆಯ ಕಹಿ ಉಳಿಯುತ್ತದೆ.

ಮೂರು ಗುಟುಕು

ಹಲ್ಲುಜ್ಜಿದ ಕೂಡಲೇ ರುಚಿ ನೋಡಲು ಕೂರಬೇಡಿ. ಟೂತ್‌ಪೇಸ್ಟಿನ ನೊರೆಕಾರಕ ಸಿಹಿಯನ್ನು ಮಂಕಾಗಿಸಿ, ಹುಳಿಗೆ ಕಹಿಯ ಲೇಪ ಕೊಡುತ್ತದೆ. ಊಟದ ನಂತರವೂ ಸ್ವಲ್ಪ ಬಿಡುವಿರಲಿ. ಪಕ್ಕದಲ್ಲಿ ಉಗುರುಬೆಚ್ಚಗಿನ ನೀರು ಇಟ್ಟುಕೊಳ್ಳಿ, ಒಂದು ಅಡುಗೆ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು.

ಲೋಟ 65 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ತನಕ ಬಾಯಿಗೆ ಇಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ, 65 ಡಿಗ್ರಿಗಿಂತ ಬಿಸಿಯಾದ ಪೇಯಗಳನ್ನು ಕುಡಿಯುವುದು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿತು. ದೋಷ ಪೇಯದ್ದಲ್ಲ, ಅನ್ನನಾಳಕ್ಕೆ ತಗಲುವ ಬಿಸಿಯದ್ದು. ರುಚಿಯ ದೃಷ್ಟಿಯಿಂದಲೂ ಅಷ್ಟು ಬಿಸಿಯಲ್ಲಿ ನಾಲಿಗೆಗೆ ಸುಡುವುದೊಂದು ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ.

ಮೊದಲ ಗುಟುಕು 60 ಡಿಗ್ರಿಯ ಆಸುಪಾಸಿನಲ್ಲಿ. ಸೊರ್ ಎಂದು ಗಾಳಿ ಸೇರಿಸಿ ಹೀರಿ. ಮರ್ಯಾದೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಹಾಗೆ ಹೀರಿದಾಗ ಹನಿಗಳು ಸಣ್ಣದಾಗಿ ಚದುರಿ, ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಈ ಹಿಂಬಾಗಿಲಿನಿಂದ ಬಂದ ವಾಸನೆಯೇ. ನಂಬಿಕೆ ಬರದಿದ್ದರೆ ಮೂಗು ಬಿಗಿಯಾಗಿ ಹಿಡಿದುಕೊಂಡು ಒಂದು ಗುಟುಕು ನುಂಗಿ. ಚಕ್ಕೆ ಇರುವುದಿಲ್ಲ, ಸೇಬು ಇರುವುದಿಲ್ಲ. ಹುಳಿ, ತುಸು ಸಿಹಿ, ಎಲ್ಲೋ ಒಂದು ಚುರುಚುರು. ಬೆರಳು ಬಿಟ್ಟು ಉಸಿರು ಹೊರಬಿಡಿ. ಎಲ್ಲವೂ ಒಮ್ಮೆಗೇ ಮರಳಿ ಬರುತ್ತದೆ. ಅಕ್ಕನಿಗೆ ಇದನ್ನು ಮಾಡಿಸಿದಾಗ ಅವಳು ಲೋಟವನ್ನೇ ಅನುಮಾನದಿಂದ ನೋಡಿದಳು, ಆಮೇಲೆ ನನ್ನನ್ನು.

ಆ ಚುರುಚುರು ಮೂಗು ಮುಚ್ಚಿದರೂ ಉಳಿಯಿತಲ್ಲ, ಅದೇ ನಾವು ಹುಡುಕುತ್ತಿರುವ ಮಸಾಲೆಯ ಬಿಸಿ. ಅದು ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಸ್ಪರ್ಶ ಮತ್ತು ನೋವನ್ನು ಒಯ್ಯುವ ನರದ ಕೆಲಸ. ನೆಗಡಿಯಾಗಿ ಮೂಗು ಕಟ್ಟಿದಾಗ ಊಟವೆಲ್ಲ ಮಣ್ಣಿನಂತಾದರೂ ಶುಂಠಿ, ಮೆಣಸು ಹಾಕಿದ ಕಷಾಯ ಮಾತ್ರ ತಾನಿದ್ದೇನೆ ಎಂದು ಹೇಳುವುದು ಇದೇ ದಾರಿಯಿಂದ.

ಎರಡನೆಯ ಗುಟುಕು 40 ಡಿಗ್ರಿಯಲ್ಲಿ. ಇದೇ ಮುಖ್ಯವಾದದ್ದು. ನಮ್ಮ ಬಾಯಿಯ ನರಗಳಲ್ಲಿ ಟಿಆರ್‌ಪಿವಿ1 ಎಂಬ ಗ್ರಾಹಕವಿದೆ. ಸುಮಾರು 43 ಡಿಗ್ರಿ ದಾಟಿದ ಬಿಸಿ ತಾಗಿದಾಗ ಅದು ತೆರೆದುಕೊಂಡು, ಸುಡುತ್ತಿದೆ ಎಂದು ಮಿದುಳಿಗೆ ಸುದ್ದಿ ಕಳುಹಿಸುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್, ಕಾಳುಮೆಣಸಿನ ಪೈಪರಿನ್, ಶುಂಠಿಯ ಜಿಂಜರಾಲ್ ಇವೂ ಅದೇ ಬಾಗಿಲನ್ನು ತೆರೆಯುತ್ತವೆ. 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಈ ಗ್ರಾಹಕವನ್ನು ಗುರುತಿಸಿತು. 2021ರ ವೈದ್ಯಕೀಯ ನೊಬೆಲ್ ಅವರಿಗೂ ಆರ್ಡೆಮ್ ಪಟಪೂಟಿಯನ್ ಅವರಿಗೂ ಜಂಟಿಯಾಗಿ ಬಂತು. ನಮಗೆ ಬೇಕಾದದ್ದು ಇಷ್ಟು: 40 ಡಿಗ್ರಿಗೆ ಇಳಿದ ನೀರಿಗೆ ಆ ಬಾಗಿಲನ್ನು ತಾನಾಗಿ ತೆರೆಯುವ ಶಕ್ತಿಯಿಲ್ಲ. ಆಗಲೂ ಎದೆಯವರೆಗೆ ಬಿಸಿ ಇಳಿದಂತೆ ಅನ್ನಿಸಿದರೆ ಅದು ಶುಂಠಿಯದೋ ಮೆಣಸಿನದೋ ಸಾಧನೆ. ಏನೂ ಅನ್ನಿಸದಿದ್ದರೆ, ಇಷ್ಟು ಹೊತ್ತು ಬೆಚ್ಚಗೆ ಮಾಡಿದ್ದು ಸ್ಟೌ.

ಇದನ್ನು ಕಣ್ಣಾರೆ, ಅಲ್ಲ, ಬಾಯಾರೆ ತಿಳಿಯಬೇಕೆಂದರೆ ಎರಡು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ಒಣಶುಂಠಿ ಕುದಿಸಿ ಸೋಸಿದ ನೀರು. ಎರಡನ್ನೂ ಒಂದೇ ಉಷ್ಣತೆಗೆ ತಂದು ಕುಡಿಯಿರಿ. ಶುಂಠಿಯದ್ದೇ ಹೆಚ್ಚು ಬಿಸಿ ಎಂದು ನಾಲಿಗೆ ಹಟ ಹಿಡಿಯುತ್ತದೆ, ಥರ್ಮಾಮೀಟರ್ ಒಪ್ಪುವುದಿಲ್ಲ. ಖಾರದ ವಸ್ತುಗಳು ಆ 43 ಡಿಗ್ರಿಯ ಹೊಸ್ತಿಲನ್ನೇ ಕೆಳಗಿಳಿಸುತ್ತವೆ, ಹಾಗಾಗಿ ಬೆಚ್ಚಗಿನದೂ ಬಿಸಿ ಅನ್ನಿಸುತ್ತದೆ. ಹುಳಿಯೂ ಈ ಹೊಸ್ತಿಲು ಇಳಿಸುವುದಕ್ಕೆ ಕೈಜೋಡಿಸುತ್ತದೆ. ಶುಂಠಿ ಮತ್ತು ನಿಂಬೆಯ ಜೋಡಿ ಅಷ್ಟು ಗಟ್ಟಿಯಾಗಿರುವುದಕ್ಕೆ ಇದೂ ಒಂದು ಕಾರಣ.

ಮೂರನೆಯ ಗುಟುಕು ಪೂರ್ತಿ ಆರಿದ ಮೇಲೆ. ಹೆಚ್ಚಿನವರು ಇಷ್ಟರಲ್ಲಿ ಲೋಟ ಖಾಲಿ ಮಾಡಿ ಎದ್ದಿರುತ್ತಾರೆ. ಆದರೆ ದೋಷಗಳೆಲ್ಲ ಬೆಳಕಿಗೆ ಬರುವುದು ಇಲ್ಲೇ. ಹಬೆಯ ಮುಸುಕಿಲ್ಲದಾಗ ಹಳೆಯ ಮಸಾಲೆಯ ಮುಗ್ಗಲು, ಹೆಚ್ಚಾದ ಲವಂಗದ ಕಹಿ, ಹಿಬಿಸ್ಕಸ್‌ನ ಒಗರು, ಕೃತಕ ಸೇಬಿನ ಮಿಠಾಯಿ ವಾಸನೆ ಒಂದೊಂದಾಗಿ ತಲೆ ಎತ್ತುತ್ತವೆ. ಆರಿದ ಮೇಲೂ ಕುಡಿಯಬೇಕೆನಿಸುವ ಮಿಶ್ರಣ ಸಿಕ್ಕರೆ ಹೆಸರು ಬರೆದಿಟ್ಟುಕೊಳ್ಳಿ, ಅಂಥವು ಕಡಿಮೆ.

ಮಸಾಲೆಗಳನ್ನು ಒಂದೊಂದಾಗಿ ಪರಿಚಯ ಮಾಡಿಕೊಳ್ಳುವುದು

ಮಿಶ್ರಣದಲ್ಲಿ ಯಾವುದು ಯಾವುದೆಂದು ಹೇಳಬೇಕಾದರೆ ಒಂದೊಂದನ್ನೂ ಬೇರೆಯಾಗಿ ನೀರಿನಲ್ಲಿ ಕುದಿಸಿ ಕುಡಿದಿರಬೇಕು. ಬೇಸರದ ಕೆಲಸ ಎನಿಸಬಹುದು. ಆದರೆ ಒಂದು ರಜೆಯ ಮಧ್ಯಾಹ್ನ ಕಳೆದರೆ ಮುಗಿಯುತ್ತದೆ, ಮತ್ತೆ ಜೀವಮಾನವಿಡೀ ಉಪಯೋಗಕ್ಕೆ ಬರುತ್ತದೆ. ಮೃದುವಾದದ್ದರಿಂದ ಶುರು ಮಾಡಿ: ಸೇಬು, ಏಲಕ್ಕಿ, ಚಕ್ಕೆ, ಶುಂಠಿ, ಕಡೆಗೆ ಮೆಣಸು ಮತ್ತು ಲವಂಗ. ಲವಂಗದಲ್ಲಿರುವ ಯೂಜಿನಾಲ್ ನಾಲಿಗೆಯನ್ನು ಮರಗಟ್ಟಿಸುತ್ತದೆ. ದಂತವೈದ್ಯರು ಅದನ್ನು ಬಳಸುವುದೂ ಅದಕ್ಕಾಗಿಯೇ. ಅದರ ನಂತರ ಏನು ಕುಡಿದರೂ ಅರ್ಧ ಮಾತ್ರ ತಿಳಿಯುತ್ತದೆ.

ಚಕ್ಕೆಯ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಕಳೆಯಿರಿ, ಏಕೆಂದರೆ ಸೇಬಿನ ಜೊತೆಗಾರ ಅದೇ. ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವುದು ಎರಡು ಬೇರೆ ಮರಗಳ ತೊಗಟೆ. ಒಂದು ಕ್ಯಾಸಿಯಾ: ದಪ್ಪ, ಗಡುಸು, ಒಂದೇ ಪದರ ಎರಡೂ ಬದಿಯಿಂದ ಒಳಕ್ಕೆ ಸುರುಳಿಯಾಗಿರುತ್ತದೆ, ಮುರಿಯಲು ಬಲ ಬೇಕು. ಇನ್ನೊಂದು ಸಿಲೋನ್ ದಾಲ್ಚಿನ್ನಿ: ಕಾಗದದಷ್ಟು ತೆಳ್ಳಗಿನ ಹಲವು ಪದರಗಳನ್ನು ಒಂದರೊಳಗೊಂದು ಸುತ್ತಿದ ಕಡ್ಡಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಕ್ಯಾಸಿಯಾದ ರುಚಿಯಲ್ಲಿ ಸಿನ್ನಮಾಲ್ಡಿಹೈಡ್‌ನ ಚುಚ್ಚುವ ಖಾರ ಮುಂದೆ ಬರುತ್ತದೆ. ಸಿಲೋನಿನದರಲ್ಲಿ ಮೆದು ಸಿಹಿವಾಸನೆ, ಸ್ವಲ್ಪ ಲವಂಗದ ಛಾಯೆ. ಸೇಬಿನ ಚಹಾಕ್ಕೆ ಯಾವುದು ಹೊಂದುತ್ತದೆ ಎಂದು ಕೇಳಿದರೆ, ನನ್ನ ಮತ ಒಮ್ಮೊಮ್ಮೆ ಕ್ಯಾಸಿಯಾಕ್ಕೆ. ಸಿಲೋನಿನದು ಹುಳಿಯ ಎದುರು ತಡೆದು ನಿಲ್ಲುವುದಿಲ್ಲ. ಆದರೆ ದಿನವೂ ಕುಡಿಯುವವರು ಸಿಲೋನಿನದನ್ನೇ ಆರಿಸಿಕೊಳ್ಳಬೇಕು. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ, ಹೆಚ್ಚಾದರೆ ಯಕೃತ್ತಿಗೆ ತೊಂದರೆ ಕೊಡಬಲ್ಲ ವಸ್ತುವಿದೆ. ಸಿಲೋನಿನದರಲ್ಲಿ ಅದು ಅತ್ಯಲ್ಪ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಕೂಮರಿನ್‌ಗೆ ಹಾಕಿರುವ ದಿನದ ಮಿತಿ ದೇಹತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ. ಯಾವುದೇ ಆಗಲಿ, ಪುಡಿ ಬೇಡ, ಚಕ್ಕೆಯೇ ಇರಲಿ. ಪುಡಿಯನ್ನು ಬಿಸಿನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಚಮಚ ಅದ್ದಿ ಎತ್ತಿ ನೋಡಿ: ಲೋಳೆಯೊಂದು ಎಳೆಯಾಗಿ ಜೋತು ಬರುತ್ತದೆ, ತಳದಲ್ಲಿ ಕಂದು ಕೆಸರು ಕೂತಿರುತ್ತದೆ.

ಹಸಿ ಶುಂಠಿಗೂ ಒಣ ಶುಂಠಿಗೂ ಬರೀ ನೀರಿನ ವ್ಯತ್ಯಾಸವಲ್ಲ. ಒಣಗಿದಾಗ, ಕುದಿದಾಗ ಜಿಂಜರಾಲ್‌ನ ಒಂದು ಪಾಲು ಶೋಗಾಲ್ ಆಗಿ ಮಾರ್ಪಡುತ್ತದೆ. ಅದು ಇನ್ನೂ ಖಾರ. ಹಸಿ ಶುಂಠಿಯ ಖಾರ ನಾಲಿಗೆಯ ತುದಿಯಲ್ಲಿ, ನಿಂಬೆಯಂಥ ಸುಗಂಧದೊಂದಿಗೆ ತಟ್ಟನೆ ಬಂದು ಹೋಗುತ್ತದೆ. ಒಣ ಶುಂಠಿಯದು ತಡವಾಗಿ ಗಂಟಲಲ್ಲಿ ಏಳುತ್ತದೆ, ಬೇಗ ಆರುವುದಿಲ್ಲ. 40 ಡಿಗ್ರಿಯ ಗುಟುಕಿನಲ್ಲಿ ಗೆಲ್ಲುವುದು ಯಾವಾಗಲೂ ಒಣ ಶುಂಠಿಯೇ.

ಚಕ್ರಮೊಗ್ಗು ಮತ್ತು ಸೋಂಪನ್ನು ನಾನು ಸೇಬಿನ ಹತ್ತಿರ ಸೇರಿಸುವುದಿಲ್ಲ. ಎರಡರಲ್ಲೂ ಇರುವ ಅನಿಥೋಲ್ ಉಳಿದೆಲ್ಲವನ್ನೂ ಮುಚ್ಚಿಹಾಕುತ್ತದೆ. ಜಾಯಿಕಾಯಿ ತುರಿದ ಒಂದು ಚಿಟಿಕೆಗಿಂತ ಹೆಚ್ಚು ಬೇಡ. ಕ್ಯಾಮೊಮೈಲ್ ಹೂವಿಗೆ ಸ್ವಭಾವತಃ ಸೇಬಿನ ವಾಸನೆಯಿದೆ. ಒಣ ಸೇಬು ಕಳೆದುಕೊಂಡದ್ದನ್ನು ಅದು ತಕ್ಕಮಟ್ಟಿಗೆ ತುಂಬಿಕೊಡುತ್ತದೆ. ಫ್ಲೇವರ್ ಬೆರೆಸುವುದಕ್ಕಿಂತ ಇದು ಎಷ್ಟೋ ಪ್ರಾಮಾಣಿಕ ಉಪಾಯ. ರೂಯಿಬೋಸ್ ದಕ್ಷಿಣ ಆಫ್ರಿಕಾದ ಪೊದೆಯ ಎಲೆ. ಎಷ್ಟು ಹೊತ್ತು ನೆನೆದರೂ ಕಹಿಯಾಗುವುದಿಲ್ಲ, ಕೆಫೀನ್ ಇಲ್ಲ, ಹಿಬಿಸ್ಕಸ್‌ನ ಹುಳಿ ಬೇಡವೆನ್ನುವವರಿಗೆ ಒಳ್ಳೆಯ ತಳಹದಿ.

ಜೇನು, ಹಾಲು, ಇತ್ಯಾದಿ

ರುಚಿ ನೋಡಿ ಮುಗಿಯುವವರೆಗೆ ಏನನ್ನೂ ಬೆರೆಸಬೇಡಿ. ಆಮೇಲೆ ಜೇನು ಬೇಕೆಂದರೆ ಬಿಸಿಯಲ್ಲಿ ಕಡಿಮೆ ಹಾಕಿ, ಆರುವಾಗ ಮತ್ತೆ ನೋಡಿ. ಜೇನಿನಲ್ಲೂ ಸೇಬಿನಲ್ಲೂ ಮುಖ್ಯವಾಗಿರುವ ಫ್ರಕ್ಟೋಸ್ ಬಿಸಿಯಲ್ಲಿ ಕಡಿಮೆ ಸಿಹಿ, ತಣ್ಣಗಾದಂತೆ ಹೆಚ್ಚು ಸಿಹಿ. 60 ಡಿಗ್ರಿಯಲ್ಲಿ ಹದ ಎನಿಸಿದ ಲೋಟ ಕೊನೆಯ ಗುಟುಕಿಗೆ ಪಾಯಸವಾಗಿರುತ್ತದೆ. ಹಿಬಿಸ್ಕಸ್ ಇರುವ ಚಹಾಕ್ಕೆ ಹಾಲು ಹಾಕಿದರೆ ಒಡೆಯುತ್ತದೆ. ರೂಯಿಬೋಸ್ ಆದರೆ ಒಗ್ಗುತ್ತದೆ. ಹಾಲಿನ ಕೊಬ್ಬಿನಲ್ಲಿ ಖಾರದ ವಸ್ತುಗಳು ಕರಗುವುದರಿಂದ ಹಾಲು ಹಾಕಿದ ಯಾವುದೇ ಮಸಾಲೆ ಪೇಯಕ್ಕೆ ಶುಂಠಿ, ಮೆಣಸು ಸ್ವಲ್ಪ ಜಾಸ್ತಿ ಬೇಕು.

ಸೇಬಿನ ರಸವನ್ನೇ ಬಿಸಿ ಮಾಡಿ ಚಕ್ಕೆ, ಲವಂಗ ಹಾಕುವುದು ಬೇರೆಯೇ ಪಾನೀಯ. 100 ಮಿಲಿಲೀಟರ್ ರಸದಲ್ಲಿ ಸುಮಾರು 10 ಗ್ರಾಂ ಸಕ್ಕರೆ ಇರುವುದರಿಂದ ಚಹಾಕ್ಕೆ ಸಾಕಾಗುವ ಮಸಾಲೆ ಅದರಲ್ಲಿ ಕಾಣುವುದೇ ಇಲ್ಲ. ಕುದಿಯಲು ಬಿಡಬೇಡಿ, ಹಬೆ ಏಳುವಷ್ಟರಲ್ಲಿ ಉರಿ ತಗ್ಗಿಸಿ ಇಪ್ಪತ್ತು ನಿಮಿಷ ಇಡಿ. ಮಸಾಲೆ ಹಾಕಿ ಕಾಯಿಸಿದ ದ್ರಾಕ್ಷಾರಸದ ವಿಷಯದಲ್ಲೂ ಇದೇ ನಿಯಮ, ಮದ್ಯಸಾರ ಕುದಿಯುವುದು 78 ಡಿಗ್ರಿಯಲ್ಲಿ. ಆದರೆ ಅದು ಕೊಡುವ ಬೆಚ್ಚನೆ ಮೋಸದ್ದು. ಮದ್ಯಸಾರ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಕ್ಕೆ ತರುತ್ತದೆ. ಮೈ ಬೆಚ್ಚಗೆನಿಸುತ್ತಿರುವಾಗಲೇ ದೇಹ ತಣ್ಣಗಾಗುತ್ತಿರುತ್ತದೆ.

ನನ್ನ ಸ್ವಂತ ಮಿಶ್ರಣ ಹೀಗಿದೆ, ಎರಡು ಲೋಟಕ್ಕೆ. ಅರ್ಧ ಲೀಟರ್ ನೀರಿಗೆ ಸಿಪ್ಪೆ ಸಮೇತ ಒಣಗಿಸಿದ ಸೇಬು 15 ಗ್ರಾಂ, ಕಿರುಬೆರಳಿನ ಅರ್ಧದಷ್ಟು ಚಕ್ಕೆ, ಜಜ್ಜಿದ ಒಣಶುಂಠಿಯ ಒಂದು ಸಣ್ಣ ತುಂಡು, ಒಂದೇ ಒಂದು ಲವಂಗ. ಮುಚ್ಚಿ ಸಣ್ಣ ಉರಿಯಲ್ಲಿ 12 ನಿಮಿಷ. ಉರಿ ಆರಿಸಿ ಎರಡು ಏಲಕ್ಕಿ ಜಜ್ಜಿ ಹಾಕಿ, ಒಂದು ಚಮಚ ಕ್ಯಾಮೊಮೈಲ್ ಸೇರಿಸಿ ಮತ್ತೆ ಮುಚ್ಚಿ 4 ನಿಮಿಷ. ಸೋಸಿ. ಬಣ್ಣ ಮಾಸಲು, ನೋಟಕ್ಕೆ ಏನೇನೂ ಅಲ್ಲ. ಕಾಳುಮೆಣಸು ಹಾಕಿದರೆ ಇನ್ನೂ ಚೆನ್ನ ಎಂದು ಅಕ್ಕ, ಬೇಡವೆಂದು ನಾನು.

ಇಂಥ ಜಗಳ ತೀರಿಸಲು ರುಚಿ ಪರೀಕ್ಷಕರು ಬಳಸುವ ತ್ರಿಕೋನ ಪರೀಕ್ಷೆ ಇದೆ. ಮೂರು ಒಂದೇ ಥರದ ಲೋಟ, ಎರಡರಲ್ಲಿ ಒಂದೇ ಚಹಾ, ಮೂರನೆಯದರಲ್ಲಿ ಬೇರೆ. ಯಾವುದು ಬೇರೆ ಎಂದು ಹೇಳಬೇಕು. ಊಹೆಯಿಂದ ಗೆಲ್ಲುವ ಅವಕಾಶ ಮೂರರಲ್ಲಿ ಒಂದು, ಹಾಗಾಗಿ ಲೋಟಗಳ ಜಾಗ ಬದಲಿಸಿ ಹಲವು ಸಲ ಮಾಡಬೇಕು. ಮೂರೂ 40 ಡಿಗ್ರಿಗೆ ಇಳಿದಿರಲಿ. ಸುರಿದವರು ಒಬ್ಬರು, ಕುಡಿಯುವವರು ಇನ್ನೊಬ್ಬರು ಆಗಿರಲಿ; ಸುರಿದವರ ಮುಖ ಕುಡಿಯುವವರಿಗೆ ಕಾಣಿಸಬಾರದು. ಅಕ್ಕ ನನ್ನ ಮುಖ ನೋಡಿಯೇ ಉತ್ತರ ಹೇಳುತ್ತಾಳೆ, ಹಾಗಾಗಿ ಈಗ ನಾನು ಲೋಟ ಇಟ್ಟು ಕೋಣೆಯಿಂದ ಹೊರಗೆ ಹೋಗುತ್ತೇನೆ.